ಬದಲಿ ಎತ್ತು, ಬದಲಿ ವಿಮಾನ

ಹೇಳಿದ ಹೊತ್ತಿಗೆ ಹೊರಡುವ ಯಾವುದೇ ಸಂಚಾರ ವ್ಯವಸ್ಥೆಯ ಬೆನ್ನಿಗೆ, ಎಲ್ಲಿಗೂ ಹೊರಡದೆ ಸುಮ್ಮನೆ ನಿಂತ ಇನ್ನೊಂದು ವಾಹನವಿರಬೇಕಾಗುತ್ತದೆ. ಬಸ್ ಡಿಪೋದ ಮಾತಿನಲ್ಲಿ ಅದು ಸ್ಪೇರ್ ಗಾಡಿ, ಬಂಡಿಯ ಕಾಲದಲ್ಲಿ ಬದಲಿ ಎತ್ತು. ಮೇವು ತಿಂದೂ ನೊಗ ಹೊರದ ಎತ್ತಿನಂತೆ ಅದು ಲೆಕ್ಕಪುಸ್ತಕದಲ್ಲಿ ದಂಡದ ಖರ್ಚಾಗಿಯೇ ಕಾಣುವುದರಿಂದ, ಮಿತವ್ಯಯದ ಮಾತು ಬಂದಾಗಲೆಲ್ಲ ಮೊದಲ ಕತ್ತರಿ ಬೀಳುವುದು ಅದರ ಮೇಲೆಯೇ.

ಮೈಸೂರು ಅರಸರಿಗೆ ಈ ಲೆಕ್ಕದ ಇನ್ನೊಂದು ಮಗ್ಗುಲು ತಿಳಿದಿತ್ತು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’, ಅಂದರೆ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ದನಗಳ ಇಲಾಖೆ, ಹೈದರಾಲಿಯ ಆಳ್ವಿಕೆಯಲ್ಲಿ ಫಿರಂಗಿ ಎಳೆಯುವ ಎತ್ತುಗಳ ನೆಲೆಯಾಗಿ ಬೆಳೆದು, ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರನ್ನು ಪಡೆಯಿತು. ಈ ದನಗಳಿಗೆಂದೇ ‘ಕಾವಲು’ ಎಂಬ ಮೀಸಲು ಹುಲ್ಲುಗಾವಲುಗಳಿದ್ದವು. 1799ರ ಬಳಿಕ ಬ್ರಿಟಿಷರ ಕೈಸೇರಿದ ಈ ಹಿಂಡನ್ನು 1860ರಲ್ಲಿ ಉಳಿತಾಯದ ಹೆಸರಿನಲ್ಲಿ ಮಾರಲಾಯಿತು, ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಕಟ್ಟಬೇಕಾಯಿತು. ಮಾರಿದ್ದರಿಂದ ಎಷ್ಟು ಉಳಿಯಿತೆಂಬ ಪ್ರಶ್ನೆಗೆ ಈ ಎರಡು ಇಸವಿಗಳೇ ಉತ್ತರ.

ಎತ್ತು ಯಾವ ದಾರಿಯಲ್ಲಾದರೂ ನಡೆದೀತು, ರೈಲಿಗೆ ಆ ಅನುಕೂಲವಿಲ್ಲ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬಂದ ರೈಲು, 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ್ದ ಕಲ್ಲುಸೇತುವೆಯನ್ನು ಮುಂದೆ ರಸ್ತೆಯೊಡನೆ ಹಂಚಿಕೊಂಡು ಕಪಿಲೆಯನ್ನು ದಾಟಿತು. ಅದು ಮೀಟರ್ ಗೇಜ್, ಅಂದರೆ ಕಂಬಿಗಳ ನಡುವೆ ಒಂದೇ ಮೀಟರ್ ಅಂತರದ ಮಾರ್ಗ. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ಮಾರ್ಗ ಬ್ರಾಡ್ ಗೇಜ್ ಆದ ಮೇಲೂ ನಂಜನಗೂಡಿನ ಕವಲು ಹಳೆಯ ಅಳತೆಯಲ್ಲೇ ಉಳಿದುದರಿಂದ, ಮೈಸೂರಿನಲ್ಲಿ ಬೋಗಿಗಳು ಖಾಲಿ ನಿಂತಿದ್ದರೂ ಅವು ಈ ಕಡೆಯ ಕೊರತೆಯನ್ನು ತುಂಬುವಂತಿರಲಿಲ್ಲ. ಬದಲಿಯೆಂದರೆ ಕೈಗೆ ಸಿಕ್ಕ ವಾಹನವಲ್ಲ, ಆ ದಾರಿಗೆ ಒಗ್ಗುವ ವಾಹನ.

ರೈಲೇ ಬಾರದ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಯರು ಕೂಡುವಲ್ಲಿ, ಹರಿಗೋಲಿನವರಿಗೆ ಈ ತೊಡಕು ಇರಲಿಲ್ಲ. ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಚೆಗೆ ಡಾಂಬರು ಬಳಿದ ಹೊದಿಕೆಯನ್ನೂ ಹೊದಿಸಿದ ಹರಿಗೋಲು ತೂತುಬಿದ್ದರೆ, ಅದನ್ನು ದಡಕ್ಕೆಳೆದು ಬೋರಲು ಹಾಕಿ ತೇಪೆ ಹಚ್ಚಿ ಒಣಗಿಸಿದರಾಯಿತು. ಪಕ್ಕದಲ್ಲಿ ಬೋರಲು ಬಿದ್ದಿರುವ ಮತ್ತೊಂದು ಅಷ್ಟರೊಳಗೆ ನೀರಿಗಿಳಿದಿರುತ್ತದೆ.

ಮೈಸೂರು–ನಂಜನಗೂಡು ಹೆದ್ದಾರಿಯ ಮಗ್ಗುಲಲ್ಲಿರುವ ಮಂಡಕಳ್ಳಿಯ ವಿಮಾನ ನಿಲ್ದಾಣದ ಕಥೆಯಲ್ಲಿ ಬದಲಿ ವಾಹನದ ಈ ಪ್ರಶ್ನೆ ಎದ್ದು ಕಾಣುತ್ತದೆ. ಸಂಸ್ಥಾನದ ಕಾಲದಲ್ಲಿ, 1940ರಲ್ಲಿ ಹುಟ್ಟಿದ ಈ ನೆಲೆಗೆ 1985ರಲ್ಲಿ ವಾಯುದೂತ್ ಸಂಸ್ಥೆಯ ವಿಮಾನ ಬಂದು, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಹೊಸ ಕಟ್ಟಡದೊಡನೆ 2010ರಲ್ಲಿ ಕಿಂಗ್‌ಫಿಶರ್ ಬೆಂಗಳೂರಿನಿಂದ ಹಾರಾಟ ಆರಂಭಿಸಿ ಮರುವರ್ಷವೇ ನಿಲ್ಲಿಸಿತು. ಆಮೇಲೆ 2013ರಲ್ಲಿ ಸ್ಪೈಸ್‌ಜೆಟ್, 2015ರಲ್ಲಿ ಏರ್ ಇಂಡಿಯಾ, 2017ರಲ್ಲಿ ಉಡಾನ್ ಯೋಜನೆಯಡಿ ಚೆನ್ನೈಗೆ ಟ್ರೂಜೆಟ್. ಒಂದೊಂದು ಬಾರಿ ಹಾರಾಟ ನಿಂತಾಗಲೂ ಪ್ರಯಾಣಿಕರು ಸಾಲದೆಂಬುದೇ ದೊಡ್ಡದಾಗಿ ಕೇಳಿಬರುವ ಕಾರಣ. ಅದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಕಾರಣವಷ್ಟೇ. ಇಲ್ಲಿನ ರನ್‌ವೇ ಸುಮಾರು 1,740 ಮೀಟರ್ ಉದ್ದವಿದ್ದು, ಹಿಗ್ಗಿಸಲು ಹೆದ್ದಾರಿಯೇ ಅಡ್ಡ ಇರುವುದರಿಂದ, ರೆಕ್ಕೆಯ ಕೆಳಗೆ ಪಂಖ ತಿರುಗುವ ಎಪ್ಪತ್ತು ಸೀಟಿನ ಆಸುಪಾಸಿನ ಎಟಿಆರ್‌ನಂಥ ವಿಮಾನಗಳೇ ಇಲ್ಲಿಗೆ ಬರತಕ್ಕವು. ಅಂಥ ಒಂದೇ ವಿಮಾನ ಬೆಳಗಿನಿಂದ ರಾತ್ರಿಯವರೆಗೆ ಊರಿಂದೂರಿಗೆ ಸರಪಳಿಯಂತೆ ಹಾರುತ್ತದೆ. ಸರಪಳಿಯ ಮೊದಲ ಕೊಂಡಿಯಲ್ಲಿ ಅದು ಕೆಟ್ಟು ನಿಂತರೆ ಸಂಜೆಯ ಪ್ರಯಾಣವೂ ರದ್ದು. ಬೆರಳೆಣಿಕೆಯ ವಿಮಾನಗಳ ಟ್ರೂಜೆಟ್‌ನಂಥ ಸಂಸ್ಥೆಗೆ ಒಂದನ್ನು ಬದಲಿಗೆಂದು ನಿಲ್ಲಿಸಿಕೊಳ್ಳುವುದೆಂದರೆ ಇದ್ದ ಆದಾಯದ ದೊಡ್ಡ ಪಾಲನ್ನೇ ಬಿಟ್ಟುಕೊಟ್ಟಂತೆ. ಆ ಸಂಸ್ಥೆಯೂ 2022ರಲ್ಲಿ ಹಾರಾಟ ನಿಲ್ಲಿಸಿತು.

ಅಮೆರಿಕದಲ್ಲಿ ಮಕ್ಕಳಿರುವ ನಂಜನಗೂಡು, ನರಸೀಪುರ ತಾಲ್ಲೂಕುಗಳ ಮನೆಗಳವರು ಹೇಗಿದ್ದರೂ ಮಂಡಕಳ್ಳಿಯನ್ನು ಬಿಟ್ಟು ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೇ ಹೋಗಬೇಕಾದವರು, ಮತ್ತು ಅಲ್ಲಿಂದಾಚೆಗೂ ಬದಲಿ ವಿಮಾನದ ಅದೇ ಕೊರತೆ ದೊಡ್ಡ ಪ್ರಮಾಣದಲ್ಲಿ ಎದುರಾಗುತ್ತದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ತನ್ನ ಬೋಯಿಂಗ್ 787 ವಿಮಾನ ಅಪಘಾತಕ್ಕೀಡಾದ ಬಳಿಕ ಏರ್ ಇಂಡಿಯಾ, ತಪಾಸಣೆಗೂ ಬದಲಿ ವಿಮಾನಗಳಿಗೂ ಅವಕಾಶವಾಗಲೆಂದು, ದೊಡ್ಡ ವಿಮಾನಗಳ ವಿದೇಶ ಹಾರಾಟವನ್ನು ಶೇ 15ರಷ್ಟು ಇಳಿಸಿತು. ಬದಲಿಯನ್ನು ಇಟ್ಟುಕೊಳ್ಳಲು ಇದ್ದ ಪ್ರಯಾಣಗಳನ್ನೇ ರದ್ದುಮಾಡಬೇಕಾದ ಸ್ಥಿತಿ ಇದು. ಅದೇ ವರ್ಷ ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ನೇರ ಹಾರಾಟವೂ ನಿಂತಿತು. 26 ಹಳೆಯ 787 ವಿಮಾನಗಳನ್ನು ಸರದಿಯಂತೆ ನವೀಕರಣಕ್ಕೆ ಕಳುಹಿಸಿದ್ದರಿಂದ ಕೈಗೆ ಸಿಗುವ ವಿಮಾನಗಳು ಕಡಿಮೆಯಾಗಿದ್ದವು, ಪಾಕಿಸ್ತಾನದ ವಾಯುಮಾರ್ಗ ಮುಚ್ಚಿದ್ದರಿಂದ ದಾರಿಯೂ ಸುತ್ತಾಗಿತ್ತು. ಸಣ್ಣ ವಿಮಾನಗಳು ಎಷ್ಟಿದ್ದರೂ ಅಷ್ಟು ದೂರ ಒಂದೇ ನೆಗೆತಕ್ಕೆ ತಲುಪಲಾರವಾದ್ದರಿಂದ, ವಾಷಿಂಗ್ಟನ್ನಿಗೆ ಹೋಗುವವರಿಗೆ ನ್ಯೂಯಾರ್ಕ್, ಷಿಕಾಗೊಗಳಲ್ಲಿ ಇಳಿದು ಬೇರೆ ಸಂಸ್ಥೆಯ ವಿಮಾನ ಹತ್ತುವ ದಾರಿ ಉಳಿಯಿತು.