ಒಂದೇ ತಕ್ಕಡಿ, ಬೇರೆ ಬೇರೆ ಮೈ

ನಮ್ಮಲ್ಲಿ ಎರಡು ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಒಬ್ಬರನ್ನು ಕುರಿತು ‘ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ’ ಎನ್ನುತ್ತೇವೆ; ಇನ್ನೊಬ್ಬರನ್ನು ಕುರಿತು ‘ನೀರು ಕುಡಿದರೂ ಮೈ ಬರುತ್ತದೆ’ ಎನ್ನುತ್ತೇವೆ. ಅಡುಗೆಮನೆಯಲ್ಲಿ ಹುಟ್ಟಿದ ಈ ಅನುಭವವನ್ನು ಒಪ್ಪಿಕೊಂಡಿರುವ ನಾವೇ, ದಪ್ಪ ಮೈಯವರೊಬ್ಬರು ಎದುರಿಗೆ ಬಂದು ಕುಳಿತೊಡನೆ ಅದನ್ನು ಮರೆತುಬಿಡುತ್ತೇವೆ. ಬಾಯಿ ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆಂದು ಬುದ್ಧಿ ಹೇಳುತ್ತೇವೆ. ಮೈ ಇಳಿಸಿಕೊಂಡವನು ಸಂಯಮಿ, ಇಳಿಸಲಾರದವನು ಜಿಹ್ವಾಚಪಲದವನು ಎಂಬ ತೀರ್ಪು ನಮ್ಮ ನಾಲಗೆಯ ತುದಿಯಲ್ಲೇ ಸಿದ್ಧವಾಗಿರುತ್ತದೆ. ಈ ತೀರ್ಪು ಎಷ್ಟರ ಮಟ್ಟಿಗೆ ನ್ಯಾಯವಾದುದು? ಇದನ್ನು ಅರಿಯಬೇಕಾದರೆ ಮೈ ಇಳಿಸಲು ಹೊರಟ ಕೆಲವರ ಚರಿತ್ರೆಯನ್ನು ನೋಡಬೇಕು. ಅವರಲ್ಲಿ ಬಹಳ ಹೆಸರಾದವನು ಲಂಡನ್ನಿನ ಒಬ್ಬ ಶವಸಂಸ್ಕಾರದ ವ್ಯಾಪಾರಿ.

ಅವನ ಹೆಸರು ವಿಲಿಯಂ ಬ್ಯಾಂಟಿಂಗ್. ಸೇಂಟ್ ಜೇಮ್ಸ್ ಬೀದಿಯಲ್ಲಿ ಅವನ ಮನೆತನದ ಅಂಗಡಿ. ಅರಮನೆಯವರ ಅಂತ್ಯಯಾತ್ರೆಗಳನ್ನು ನಡೆಸಿಕೊಡುವ ಗೌರವ ಆ ಮನೆತನಕ್ಕೆ ಸಂದಿತ್ತು. 1852ರಲ್ಲಿ ವೆಲಿಂಗ್ಟನ್ ಪ್ರಭುವಿನ ಶವಯಾತ್ರೆಯ ಏರ್ಪಾಟಿನಲ್ಲಿಯೂ ಈ ಮನೆತನದ ಕೈಯಿತ್ತು. ಹೀಗೆ ಇತರರ ಮೈಯ ಅಳತೆ ತೆಗೆದು ಪೆಟ್ಟಿಗೆ ಮಾಡಿಸುತ್ತಿದ್ದ ಮನುಷ್ಯನಿಗೆ ತನ್ನ ಮೈಯೇ ದೊಡ್ಡ ಹೊರೆಯಾಯಿತು. ಅವನ ಎತ್ತರ ಐದು ಅಡಿ ಐದು ಅಂಗುಲ. 1862ರ ಆಗಸ್ಟ್ ತಿಂಗಳಲ್ಲಿ ಅವನ ತೂಕ 202 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 92 ಕಿಲೋಗ್ರಾಂ. ಬಗ್ಗಿ ಜೋಡಿನ ದಾರ ಕಟ್ಟಿಕೊಳ್ಳಲಾರ. ಮೊಣಕಾಲಿನ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ.

ಬ್ಯಾಂಟಿಂಗ್ ಸೋಮಾರಿಯೇನೂ ಅಲ್ಲ. ವೈದ್ಯರೊಬ್ಬರು ವ್ಯಾಯಾಮ ಮಾಡೆಂದಾಗ ಪ್ರತಿ ಮುಂಜಾನೆ ದೋಣಿ ನಡೆಸಿದ. ತೋಳಿಗೆ ಬಲ ಬಂತು. ಅದರೊಡನೆ ರಾಕ್ಷಸ ಹಸಿವೂ ಬಂತು. ತಿಂದು ಇನ್ನಷ್ಟು ಊದಿಕೊಂಡ. ಹೆಸರಾದ ಊರುಗಳ ಔಷಧೀಯ ನೀರು ಕುಡಿದ. ಬಿಸಿ ಹಬೆಯ ತುರ್ಕಿ ಸ್ನಾನಗಳನ್ನು ಐವತ್ತರವರೆಗೆ ಮಾಡಿದ. ಇಳಿದದ್ದು ಆರು ಪೌಂಡು ಮಾತ್ರ. ಕೊನೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿ ಹೋದ. ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಇವನಲ್ಲ. ಅವನು ಎರಡು ಶತಮಾನ ಹಿಂದಿನವನು. ಈ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲೋದ್ ಬರ್ನಾರ್ಡನ ಉಪನ್ಯಾಸ ಕೇಳಿ ಬಂದಿದ್ದವನು. ಯಕೃತ್ತು ಸಕ್ಕರೆಯನ್ನು ತಯಾರಿಸುವ ಬಗೆಯನ್ನು ಬರ್ನಾರ್ಡ್ ಅಲ್ಲಿ ವಿವರಿಸಿದ್ದ. ಕಿವಿಯ ತೊಂದರೆಗೆ ಕೊಬ್ಬೇ ಕಾರಣವೆಂದು ಬಗೆದ ಹಾರ್ವೆ, ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವಿಷ್ಟನ್ನು ಬಿಡೆಂದು ಹೇಳಿದ. ಮಾಂಸ, ಮೀನು, ಕಾಯಿಪಲ್ಯ, ಹಣ್ಣು, ಒಣಗಿಸಿ ಸುಟ್ಟ ರೊಟ್ಟಿಯ ಒಂದೆರಡು ಚೂರು, ಎರಡು ಮೂರು ಲೋಟ ದ್ರಾಕ್ಷಾರಸ ಇವು ಸಲ್ಲುತ್ತಿದ್ದವು.

ಒಂದು ವರ್ಷ ಕಳೆಯುವ ಹೊತ್ತಿಗೆ ಬ್ಯಾಂಟಿಂಗ್ 46 ಪೌಂಡು ಇಳಿದಿದ್ದ. ಸೊಂಟದ ಸುತ್ತಳತೆ ಹನ್ನೆರಡು ಅಂಗುಲದಷ್ಟು ಕುಗ್ಗಿತ್ತು. ಮೆಟ್ಟಿಲನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿಯತೊಡಗಿದ. ಈ ಸಂತೋಷವನ್ನು ಅವನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. 1863ರಲ್ಲಿ, ಸ್ಥೂಲಕಾಯದ ಬಗ್ಗೆ ಸಾರ್ವಜನಿಕರಿಗೆ ಬರೆದ ಪತ್ರವೆಂದು ಹೆಸರಿಟ್ಟು ಸಣ್ಣದೊಂದು ಪುಸ್ತಿಕೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ. ಅದಕ್ಕೆ ಬಂದ ಬೇಡಿಕೆಯನ್ನು ನೋಡಿ ಮುಂದಿನ ಮುದ್ರಣಕ್ಕೆ ಬೆಲೆಯಿಟ್ಟು, ಬಂದ ಹಣವನ್ನು ಧರ್ಮಕಾರ್ಯಗಳಿಗೆ ಕೊಟ್ಟ. ಅವನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯ ಮಾಡುವ ಕ್ರಿಯಾಪದವಾಯಿತು. ಇಂಗ್ಲಿಷಿನಲ್ಲಿ ಅದು ಮಾಸಿತಾದರೂ ಸ್ವೀಡನ್ನಿನವರು ಇಂದಿಗೂ ಮೈ ಇಳಿಸುವುದಕ್ಕೆ ‘ಬಾಂಟಾ’ ಎಂದೇ ಹೇಳುತ್ತಾರೆ. ವ್ಯಾಪಾರಿಯೊಬ್ಬನು ವೈದ್ಯದಲ್ಲಿ ತಲೆಹಾಕಿದನೆಂದು ವೈದ್ಯಪತ್ರಿಕೆಗಳು ರೇಗಿದವು. ಅವನು ಅದಕ್ಕೆ ಕಿವಿಗೊಡದೆ, ಇಳಿದ ತೂಕವನ್ನು ಕಾಪಾಡಿಕೊಂಡು, 1878ರವರೆಗೆ ಎಂಬತ್ತೊಂದು ವರ್ಷ ಬಾಳಿದ.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಬುದ್ಧಿವಾದಕ್ಕೆ ಒಳ್ಳೆಯ ಆಧಾರ ಸಿಕ್ಕಿದಂತೆಯೇ. ಆದರೆ ಪುಸ್ತಿಕೆಯಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಒಂದು ಮಾತಿದೆ. ತನ್ನ ತಂದೆಯ ಕಡೆಯಾಗಲಿ ತಾಯಿಯ ಕಡೆಯಾಗಲಿ ಯಾರಿಗೂ ಬೊಜ್ಜಿನ ಪ್ರವೃತ್ತಿ ಇರಲಿಲ್ಲವೆಂದು ಬ್ಯಾಂಟಿಂಗ್ ತಾನೇ ಹೇಳಿಕೊಂಡಿದ್ದಾನೆ. ಅವನಿಗೆ ಮೈ ಬಂದದ್ದು ಮೂವತ್ತು ದಾಟಿದ ಮೇಲೆ. ಹಾಲು ಸಕ್ಕರೆ ಧಾರಾಳವಾಗಿ ಸುರಿದ ಚಹ, ಬೆಣ್ಣೆ ಸವರಿದ ರೊಟ್ಟಿ, ಹಿಟ್ಟಿನ ತಿಂಡಿ, ಬಿಯರು ಇವು ಅವನ ಅಂದಿನ ಆಹಾರ. ಅಂಥವನು ಈ ಪದಾರ್ಥಗಳನ್ನು ಬಿಟ್ಟೊಡನೆ ಇಳಿದನೆಂದರೆ, ಅವನ ಸಂಯಮದೊಡನೆ ಅವನ ಮೈಯೂ ಸಹಕರಿಸಿರಬೇಕೆಂದು ಊಹಿಸಲು ಎಡೆಯಿದೆ.

ಸಹಕರಿಸದ ಮೈಗಳೂ ಚರಿತ್ರೆಯಲ್ಲಿವೆ. ಬ್ಯಾಂಟಿಂಗನಿಗಿಂತ ಒಂದು ತಲೆಮಾರು ಹಿಂದೆ ಲೆಸ್ಟರ್ ಊರಿನಲ್ಲಿ ಡೇನಿಯಲ್ ಲ್ಯಾಂಬರ್ಟ್ ಎಂಬವನಿದ್ದ. ಬಂದೀಖಾನೆಯ ಅಧಿಕಾರಿ, ಒಳ್ಳೆಯ ಈಜುಗಾರ. ಮಿತವಾಗಿ ಉಣ್ಣುವವನೆಂದೂ, ಮದ್ಯ ಮುಟ್ಟದೆ ನೀರನ್ನೇ ಕುಡಿಯುವವನೆಂದೂ ಅವನನ್ನು ಕುರಿತು ಆ ಕಾಲದವರು ಬರೆದಿದ್ದಾರೆ. ಆದರೂ ಮೈ ಬೆಳೆಯುತ್ತಲೇ ಹೋಯಿತು. ಕೆಲಸ ಹೋದ ಮೇಲೆ ಜೀವನೋಪಾಯಕ್ಕೆಂದು 1806ರಲ್ಲಿ ಲಂಡನ್ನಿಗೆ ಬಂದು, ತನ್ನನ್ನು ನೋಡಲು ಬರುವವರಿಂದ ತಲೆಗೊಂದು ಶಿಲ್ಲಿಂಗ್ ಪಡೆಯುವ ದೆಸೆ ಅವನಿಗೊದಗಿತು. 1809ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವನ ತೂಕ 739 ಪೌಂಡು. ಶವಪೆಟ್ಟಿಗೆಗೆ ಗಾಲಿ ಹಾಕಿ, ಛತ್ರದ ಗೋಡೆ ಒಡೆದು ಹೊರತರಬೇಕಾಯಿತು. ಊಟದ ವಿಷಯದಲ್ಲಿ ಅವನ ಮಾತನ್ನು ಇಂದು ಪರೀಕ್ಷಿಸಲಾಗದು, ನಿಜ. ಆದರೆ ಅಂಥ ಮೈಯನ್ನು ನಾಲಗೆಯೊಂದರ ಮೇಲೆ ಹೊರಿಸಿ ಸುಮ್ಮನಾಗುವುದೂ ಕಷ್ಟವೇ.

ಅವನಿಗೂ ಹಿಂದೆ ಬಾತ್ ನಗರದಲ್ಲಿದ್ದ ಜಾರ್ಜ್ ಚೇನಿ ಸ್ವತಃ ವೈದ್ಯ. 1702ರ ಸುಮಾರಿಗೆ ಲಂಡನ್ನಿಗೆ ಬಂದು, ರೋಗಿಗಳನ್ನು ಸಂಪಾದಿಸಲೆಂದು ಪಾನಗೃಹಗಳ ಸ್ನೇಹ ಬೆಳೆಸಿ, ಕಾಲಕ್ರಮದಲ್ಲಿ 448 ಪೌಂಡಿಗೆ ಏರಿದ. ಹಾಲು ಮತ್ತು ಸಸ್ಯಾಹಾರದಿಂದ ಇಳಿದ. ಪಥ್ಯವನ್ನು ಸಡಿಲಿಸಿದೊಡನೆ ಮತ್ತೆ ಏರಿದ. ಪುನಃ ಹಾಲಿಗೆ ಶರಣಾಗಿ, 1743ರಲ್ಲಿ ಸಾಯುವವರೆಗೆ ಅದನ್ನೇ ವ್ರತದಂತೆ ಪಾಲಿಸಿದ. ಬ್ಯಾಂಟಿಂಗನಿಗೆ ವರ್ಷವೊಂದರ ಶಿಸ್ತಾಗಿ ಕಂಡದ್ದು ಚೇನಿಗೆ ಆಯುಷ್ಯಪೂರ್ತಿಯ ಹೋರಾಟವಾಯಿತು.

ಮೈಗಳು ಹೀಗೆ ಬೇರೆಬೇರೆಯಾಗಿರುವುದನ್ನು ನಮ್ಮ ಹಿಂದಿನ ವೈದ್ಯರು ಕಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ, ಲೋಕವು ಹಳಿಯುವ ಎಂಟು ಬಗೆಯ ದೇಹಗಳನ್ನು ಕುರಿತದ್ದು. ಅದರಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಇವೆರಡಕ್ಕೇ ವಿಸ್ತಾರವಾದ ವಿಚಾರ. ಸ್ಥೌಲ್ಯಕ್ಕೆ ಕೊಡುವ ಕಾರಣಗಳಲ್ಲಿ ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವುದು, ಚಿಂತೆಯಿಲ್ಲದಿರುವುದು ಇವೆಲ್ಲ ಇವೆ. ಆದರೆ ಪಟ್ಟಿಯ ಕೊನೆಗೆ ಬೀಜಸ್ವಭಾವವೂ ಇದೆ; ಎಂದರೆ ಹುಟ್ಟಿನಿಂದಲೇ ತಂದುಕೊಂಡದ್ದು. ಮೇದಸ್ಸು ದಾರಿ ಕಟ್ಟಿದಾಗ ವಾಯುವು ಕೋಷ್ಠದಲ್ಲಿ ಸುತ್ತಿ ಅಗ್ನಿಯನ್ನು ಉರಿಸುವುದರಿಂದ ಸ್ಥೂಲನಿಗೆ ಹಸಿವು ಇತರರಿಗಿಂತ ಹೆಚ್ಚೆಂದೂ, ಕೃಶತೆಗಿಂತ ಸ್ಥೌಲ್ಯದ ಚಿಕಿತ್ಸೆ ಕಠಿಣವೆಂದೂ ಅಲ್ಲಿ ಹೇಳಿದೆ. ವಿವರಣೆ ಹಳೆಯದು, ಗಮನಿಸಿದ ಸಂಗತಿ ಮಾತ್ರ ಹಳೆಯದಾಗಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಂಗತಿ ಪ್ರಯೋಗಶಾಲೆಗೆ ಬಂತು. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಕೂಡಿಸಿದ. ಮನಸ್ಸಾಕ್ಷಿಯ ಕಾರಣದಿಂದ ಯುದ್ಧಕ್ಕೆ ಹೋಗಲೊಲ್ಲದೆ, ಬದಲಿಗೆ ಈ ಸೇವೆಗೆ ತಾವಾಗಿಯೇ ಒಪ್ಪಿದವರು ಅವರು. ಯುದ್ಧದಿಂದ ಹಸಿದ ಯೂರೋಪಿನ ಜನಕ್ಕೆ ಮತ್ತೆ ಉಣ್ಣಿಸುವ ಬಗೆಯನ್ನು ತಿಳಿಯುವುದೇ ಪ್ರಯೋಗದ ಉದ್ದೇಶ. 24 ವಾರ ಅರೆಹೊಟ್ಟೆಯಲ್ಲಿಟ್ಟಾಗ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದರೊಡನೆ ಮೈ ತನ್ನ ಖರ್ಚನ್ನೂ ಬಿಗಿಹಿಡಿಯಿತು: ನಾಡಿ ನಿಧಾನವಾಯಿತು, ಚಳಿ ತಡೆಯದಾಯಿತು. ಹಗಲಿರುಳೂ ಅನ್ನದ್ದೇ ಧ್ಯಾನ. ಕೆಲವರು ಅಡುಗೆಯ ಪುಸ್ತಕಗಳನ್ನು ಓದುತ್ತ ಕುಳಿತರು. ಮತ್ತೆ ಊಟ ಕೊಟ್ಟಾಗ ಹೊಟ್ಟೆ ತುಂಬಿದರೂ ಹಸಿವು ಹಿಂಗಲಿಲ್ಲ. ಕೊಬ್ಬು ಮೊದಲಿನ ಮಟ್ಟವನ್ನೂ ಮೀರಿ ಬೆಳೆಯಿತು. ಇವರು ತಿಂಡಿಪೋತರಲ್ಲ; ತತ್ತ್ವಕ್ಕಾಗಿ ಕಷ್ಟ ಸಹಿಸಲು ಸಿದ್ಧರಾಗಿ ಬಂದವರು. ಇಳಿದ ಮೈ ತನ್ನ ಹಳೆಯ ತೂಕವನ್ನು ವಸೂಲು ಮಾಡಿಕೊಳ್ಳಲು ಹೊರಟಾಗ ಎಂಥ ಗಟ್ಟಿ ಮನಸ್ಸಿಗೂ ಸಂಕಟವೇ ಎಂಬುದನ್ನು ಅವರಿಂದ ಲೋಕ ಕಲಿಯಿತು.

ಹಾಗಾದರೆ ಎಲ್ಲ ಮೈಗಳೂ ಒಂದೇ ಪ್ರಮಾಣದಲ್ಲಿ ಹೀಗೆ ಹೋರಾಡುತ್ತವೆಯೇ? ಕೆನಡದ ಕ್ವಿಬೆಕ್ಕಿನಲ್ಲಿ ಕ್ಲೋದ್ ಬುಶಾರ್ ಮತ್ತು ಸಂಗಡಿಗರು ಇದಕ್ಕೆ ತಿರುಗುಮುರುಗಾದ ಪ್ರಯೋಗವೊಂದನ್ನು ಮಾಡಿ 1990ರಲ್ಲಿ ಪ್ರಕಟಿಸಿದರು. ತದ್ರೂಪಿ ಅವಳಿಗಳಾದ ಹನ್ನೆರಡು ಜೊತೆ ತರುಣರಿಗೆ, ಅವರವರ ಅಗತ್ಯಕ್ಕಿಂತ ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಾಗಿ, 84 ದಿನ ಉಣಿಸಿದರು. ಎಲ್ಲರಿಗೂ ಸೇರಿದ ಹೆಚ್ಚಳ ಒಂದೇ. ಆದರೆ ಒಬ್ಬನ ಮೈಗೆ ಸೇರಿದ್ದು ನಾಲ್ಕು ಕಿಲೋಗಿಂತ ಸ್ವಲ್ಪ ಹೆಚ್ಚು. ಇನ್ನೊಬ್ಬನಿಗೆ ಹದಿಮೂರು ಕಿಲೋ ದಾಟಿತು. ಅಣ್ಣ ಹೆಚ್ಚು ಬೆಳೆದ ಕಡೆ ಬಹುಮಟ್ಟಿಗೆ ತಮ್ಮನೂ ಹೆಚ್ಚು ಬೆಳೆದ. ಇದಕ್ಕೆ ಮುಂಚೆ, 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮೊದಲಾದವರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯನ್ನು ಪರಿಶೀಲಿಸಿದ್ದರು. ಅವರ ಮೈಕಟ್ಟು ಹೆತ್ತವರನ್ನು ಹೋಲಿತೇ ಹೊರತು ಸಾಕಿದವರನ್ನು ಹೋಲಲಿಲ್ಲ. ಎಷ್ಟು ಉಂಡರೂ ಮೈಗೆ ಹತ್ತದವರೂ, ಬೇಗ ಮೈ ಬರುವವರೂ ನಿಜವಾಗಿ ಇದ್ದಾರೆಂದಾಯಿತು. ನೀರಿನ ಮಾತು ಮಾತ್ರ ಅತಿಶಯೋಕ್ತಿ.

ಹಸಿವೆಯ ಬೇರೇ ರಕ್ತದಲ್ಲಿ ಅಡಗಿರಬಹುದೆಂಬುದು ಅನಂತರ ತಿಳಿಯಿತು. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು, ಕೊಬ್ಬಿನಿಂದ ಹೊರಟು ಮೆದುಳಿಗೆ ಸುದ್ದಿ ಮುಟ್ಟಿಸುವ ಒಂದು ರಸದ ಮೂಲವನ್ನು ಗುರುತಿಸಿದರು. ಅದೇ ಲೆಪ್ಟಿನ್. ಹುಟ್ಟಿನಿಂದಲೇ ಈ ರಸವಿಲ್ಲದ ಇಬ್ಬರು ಮಕ್ಕಳನ್ನು 1997ರಲ್ಲಿ ಕೇಂಬ್ರಿಜ್ಜಿನ ವೈದ್ಯರು ಕಂಡುಹಿಡಿದರು. ಮಕ್ಕಳ ಹಸಿವೆಗೆ ಕೊನೆಯೇ ಇರಲಿಲ್ಲ. ಅವರಲ್ಲಿ ಬಾಲಕಿಗೆ ಒಂಬತ್ತನೆಯ ವಯಸ್ಸಿನಲ್ಲಿ 94 ಕಿಲೋ. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಒಂದು ವರ್ಷದಲ್ಲಿ ಹದಿನಾರು ಕಿಲೋ ಇಳಿದಳು. ಅವಳಿಗೆ ಸಂಯಮದ ಪಾಠವನ್ನು ಯಾರೂ ಹೊಸದಾಗಿ ಹೇಳಿಕೊಡಲಿಲ್ಲ. ಹಸಿವು ತಾನಾಗಿ ತಣಿಯಿತು. ಇಂಥ ಕೊರತೆ ಬಹು ಅಪರೂಪ. ಸಾಮಾನ್ಯವಾಗಿ ದಪ್ಪಗಿರುವವರಲ್ಲಿ ಲೆಪ್ಟಿನ್ ಬೇಕಾದಷ್ಟಿರುತ್ತದೆ. ಅವರ ಮೈಕಟ್ಟಿನಲ್ಲಿ ನೂರಾರು ವಂಶವಾಹಿಗಳ ಸಣ್ಣಸಣ್ಣ ಪಾಲಿದೆ. ಈಚಿನ ಹೆಸರಾದ ಔಷಧಿ ಸೆಮಾಗ್ಲುಟೈಡ್ ಕೂಡ ಹಸಿವೆಯನ್ನೇ ಹಿಡಿದು ನಿಲ್ಲಿಸುವಂಥದು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ಪಡೆದವರು 68 ವಾರಗಳಲ್ಲಿ ಸರಾಸರಿ ನೂರಕ್ಕೆ ಹದಿನೈದರಷ್ಟು ಇಳಿದರು. ಆದರೆ ಮೂವರಲ್ಲಿ ಒಬ್ಬರು ಐದನೆಯ ಒಂದು ಭಾಗ ಅಥವಾ ಹೆಚ್ಚು ಇಳಿದರೆ, ಏಳರಲ್ಲೊಬ್ಬರು ನೂರಕ್ಕೆ ಐದರಷ್ಟೂ ಇಳಿಯಲಿಲ್ಲ. ಔಷಧಿ ನಿಲ್ಲಿಸಿದ ಮೇಲೆ ಗಮನಿಸಿದವರಲ್ಲಿ, ವರ್ಷದೊಳಗೆ, ಇಳಿದುದರ ಮೂರರಲ್ಲಿ ಎರಡು ಪಾಲು ಮರಳಿ ಬಂತು.

ನಮ್ಮ ನಾಡಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲಿ ಹೇಳಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಎಷ್ಟೋ ದಶಕಗಳ ಮೇಲೆ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಅಂದಿನ ಶಿಶುಗಳನ್ನು ನಡುವಯಸ್ಸಿನವರಾಗಿ ಮತ್ತೆ ಪರೀಕ್ಷಿಸಿದರು. ಮುಂದೆ ಮೈಸೂರು ಮತ್ತು ಪುಣೆಗಳಲ್ಲಿ ನಡೆದ ಅಧ್ಯಯನಗಳಿಂದ ಇನ್ನೊಂದು ವಿಷಯ ಬೆಳಕಿಗೆ ಬಂತು. ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದರೆ ನಮ್ಮ ಶಿಶುಗಳು ಹಗುರ, ಮಾಂಸಖಂಡ ಕಡಿಮೆ. ಆದರೆ ಬೆನ್ನ ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆಯಲ್ಲ. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಕೂಡಿಟ್ಟುಕೊಂಡ ಮೈ ನಮ್ಮದು. ಆದುದರಿಂದ ತಕ್ಕಡಿಯ ಮುಳ್ಳನ್ನು ನೋಡಿ ಸಣಕಲು ಮೈಯವನಿಗೆ ಅಭಯ ಕೊಡುವುದೂ ಸಲ್ಲದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಪಥ್ಯ ವ್ಯರ್ಥ, ನಡಿಗೆ ವ್ಯರ್ಥ ಎಂದಲ್ಲ. ಒಂದೆರಡು ತಲೆಮಾರಿನಲ್ಲಿ ಲೋಕದ ತುಂಬ ಜನ ದಪ್ಪವಾದುದಕ್ಕೆ ಬೀಜವೊಂದೇ ಕಾರಣವಾಗಲಾರದು. ಬೀಜ ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಅಂಗಡಿ, ಅಡುಗೆ, ದುಡಿಮೆ. ಹಿಟ್ಟು ಸಕ್ಕರೆಗಳು ಅಗ್ಗವಾಗಿ ಕೈಗೆ ಸಿಕ್ಕುವ ಕಾಲದಲ್ಲಿ ಬೇಗ ಮೈ ಬರುವ ಸ್ವಭಾವದವನು ಮೊದಲು ಸಿಕ್ಕಿಬೀಳುತ್ತಾನೆ, ಮೈಗೆ ಹತ್ತದವನು ಪಾರಾಗುತ್ತಾನೆ. ಪಾರಾದವನು ಅದನ್ನು ತನ್ನ ಸದ್ಗುಣವೆಂದು ಭಾವಿಸಿ ಇನ್ನೊಬ್ಬನನ್ನು ಹಂಗಿಸುವುದಷ್ಟೇ ತಪ್ಪು.

ಬ್ಯಾಂಟಿಂಗನಿಗೆ ಈ ವಿಜ್ಞಾನವೊಂದೂ ತಿಳಿದಿರಲಿಲ್ಲ. ತನಗೆ ಒಗ್ಗಿದ್ದು ಎಲ್ಲರಿಗೂ ಒಗ್ಗುವುದೆಂದು ಅವನು ಬಹುಮಟ್ಟಿಗೆ ನಂಬಿದ್ದ. ಆ ನಂಬಿಕೆಯಿಂದಲೇ ಪುಸ್ತಿಕೆ ಹಂಚಿದ. ಆದರೆ ಅದೇ ಪುಸ್ತಿಕೆಯಲ್ಲಿ, ಸಭೆಗಳಲ್ಲಿ, ಬಾಡಿಗೆ ಗಾಡಿಗಳಲ್ಲಿ, ಬೀದಿಯಲ್ಲಿ ದಪ್ಪ ಮೈಯವನು ಕೇಳಬೇಕಾದ ಕುಹಕದ ಮಾತುಗಳು ಎಷ್ಟು ನೋಯಿಸುತ್ತವೆಂಬುದನ್ನೂ ಬರೆದಿದ್ದಾನೆ. ಇಳಿದ ಮೇಲೂ ಆ ನೋವನ್ನು ಅವನು ಮರೆಯಲಿಲ್ಲ. ಅವನ ಪಥ್ಯದ ಪಟ್ಟಿಯನ್ನು ಲೋಕ ಸ್ವೀಕರಿಸಿತು. ಇನ್ನೊಂದು ಪುಟವನ್ನು ಅಷ್ಟಾಗಿ ಓದಲಿಲ್ಲ. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಯ ಮೇಲೆ ಕಣ್ಣಿಡುವ ನಮಗೆ ಆ ಪುಟವೂ ಬೇಕಾಗಿದೆ.