ಬಯಲಾಟ ಕಲಿಸಿದ ಕನ್ನಡ

ನಮ್ಮ ವಾಮದಪದವಿನ ಆಸುಪಾಸಿನಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಹೆಚ್ಚಿಲ್ಲ. ತುಳು, ಕೊಂಕಣಿ, ಬ್ಯಾರಿ ಇವು ಇಲ್ಲಿನ ಅಂಗಳದ ಭಾಷೆಗಳು. ಹಾಗಿದ್ದೂ ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಿರಿಯರಲ್ಲಿ ಅನೇಕರು ಪ್ರೌಢ ಕನ್ನಡವನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲವರಾಗಿದ್ದರು. ಅವರಿಗೆ ಆ ವಿದ್ಯೆಯನ್ನು ಕೊಟ್ಟದ್ದು ತೆಂಕುತಿಟ್ಟಿನ ಯಕ್ಷಗಾನ.

ಚೀನಾ ದೇಶದಲ್ಲಿಯೂ ಪ್ರಾಂತ್ಯಕ್ಕೊಂದು ಬಗೆಯ ಗೀತನಾಟಕವಿದೆ. ಆಯಾ ಸೀಮೆಯ ಆಡುಮಾತು ಮತ್ತು ರಾಗಧಾಟಿಗಳೇ ಒಂದನ್ನು ಇನ್ನೊಂದರಿಂದ ಬೇರ್ಪಡಿಸುತ್ತವೆ. ನಮ್ಮಲ್ಲಿ ನಡೆದದ್ದು ಬೇರೆ. ತುಳುವರ ಗದ್ದೆಯಲ್ಲಿ ರಾತ್ರಿಯಿಡೀ ಮೊಳಗಿದ್ದು ಕನ್ನಡ.

ಇದರ ಬೇರು ಕುಂಬಳೆಯಲ್ಲಿದೆ. ತುಳು, ಮಲಯಾಳ, ಕನ್ನಡಗಳು ಕೂಡುವ ಆ ಸೀಮೆಯ ಪಾರ್ತಿಸುಬ್ಬನು ರಾಮಾಯಣದ ಪ್ರಸಂಗಗಳನ್ನು ಕನ್ನಡದಲ್ಲಿ ರಚಿಸಿದನು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಆ ಪದ್ಯಗಳಿಗೆ ಗಡಿ ಅಡ್ಡವಾಗಲಿಲ್ಲ.

ಆಟದ ಕ್ರಮವೇ ಒಂದು ಪಾಠಶಾಲೆ. ಭಾಗವತರು ಪದ್ಯವನ್ನು ಹಾಡುತ್ತಾರೆ. ವೇಷಧಾರಿ ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ಬರೆದಿಟ್ಟ ಸಂಭಾಷಣೆಯಿಲ್ಲ. ಚೌಕಿಯಲ್ಲಿ ತುಳುವಿನಲ್ಲಿ ಹರಟುತ್ತಿದ್ದ ಕಲಾವಿದ ರಂಗಸ್ಥಳಕ್ಕೆ ಬಂದೊಡನೆ ಕನ್ನಡದಲ್ಲಿ ವಾದಿಸಬೇಕು, ಮೂದಲಿಸಬೇಕು, ಮರುಗಬೇಕು. ನಡುವೆ ಒಂದು ಇಂಗ್ಲಿಷ್ ಪದ ನುಸುಳಿದರೂ ಪೌರಾಣಿಕ ಪಾತ್ರ ಕೆಟ್ಟಿತೆಂದೇ ಬಲ್ಲವರ ಎಣಿಕೆ.

ಇದರ ಫಲವನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಬೋಧಿಸುವಾಗ, ಆಟ ನೋಡಿ ಬೆಳೆದ ಮಕ್ಕಳಿಗೆ ಅದರ ಲಯವನ್ನು ಹೇಳಿಕೊಡುವ ಅಗತ್ಯ ಬೀಳುತ್ತಿರಲಿಲ್ಲ. ಪ್ರಸಂಗಗಳಲ್ಲಿಯೂ ಭಾಮಿನಿ, ವಾರ್ಧಕಗಳಿವೆಯಷ್ಟೆ! 'ಪೇಳು', 'ಅರುಹು', 'ಅನುವರ' ಎಂಬ ಪದಗಳಿಗೆ ಅವರು ನಿಘಂಟನ್ನು ತೆರೆಯುತ್ತಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಇದು ನೆನಪಿರಬಹುದು.

ಈ ಪರಂಪರೆಯ ಹಿರಿಯ ಕೊಂಡಿಯೊಂದು ನಮ್ಮ ನೆರೆಯಲ್ಲೇ ಇತ್ತು. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಜನಿಸಿದ ಬಲಿಪ ನಾರಾಯಣ ಭಾಗವತರು ಮೂಡಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದರು. ಅದೇ ಹೆಸರಿನ ಅಜ್ಜನಿಂದ ಬಂದ 'ಬಲಿಪ ಶೈಲಿ'ಯನ್ನು ಕಟೀಲು ಮೇಳದಲ್ಲಿ ದಶಕಗಳ ಕಾಲ ಉಳಿಸಿ ಬೆಳೆಸಿದರು. ಐದು ದಿನಗಳ ದೇವೀಮಹಾತ್ಮ್ಯೆಯನ್ನು ರಚಿಸಿದವರೂ ಅವರೇ. 2023ರ ಫೆಬ್ರವರಿಯಲ್ಲಿ ಅವರು ಅಗಲಿದಾಗ ತೆಂಕುತಿಟ್ಟಿನ ಒಂದು ಯುಗವೇ ಮುಗಿಯಿತು.

ತುಳುವಿಗೂ ಈ ರಂಗದಲ್ಲಿ ತನ್ನ ಪಾಲು ದೊರೆಯಿತೆನ್ನುವುದನ್ನು ಮರೆಯುವಂತಿಲ್ಲ. ಬಾಯಾರು ಸಂಕಯ್ಯ ಭಾಗವತರ ತುಳು 'ಪಂಚವಟಿ' 1887ರಷ್ಟು ಹಿಂದೆಯೇ ಅಚ್ಚಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೇರೆ ಮೇಳಗಳ ತುಳು ಪ್ರಸಂಗಗಳಿಗೆ ಜನ ಮುಗಿಬಿದ್ದರು. ಅದು ನ್ಯಾಯವೇ. ತಾಯಿನುಡಿಗೆ ರಂಗ ಬೇಡವೆನ್ನಲು ಯಾರಿಗೆ ಅಧಿಕಾರವಿದೆ? ಹರಕೆಯ ಮೇಳಗಳು ಮಾತ್ರ ಪುರಾಣವನ್ನೂ ಕನ್ನಡವನ್ನೂ ಬಿಡಲಿಲ್ಲ.

ಇಂದಿನ ಚಿಂತೆ ತುಳುವಿನದಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮೊಮ್ಮಕ್ಕಳು ಆಟಕ್ಕೆ ಬಂದರೂ ವೇಷದ ಬಣ್ಣವನ್ನು ನೋಡುತ್ತಾರೆ, ಚೆಂಡೆಗೆ ತಲೆದೂಗುತ್ತಾರೆ, ಅರ್ಥದ ಹೊತ್ತಿಗೆ ಮೊಬೈಲು ತೆರೆಯುತ್ತಾರೆ. ಕೇಳುವ ಕಿವಿಯಿಲ್ಲದಿದ್ದರೆ ಹೇಳುವ ನಾಲಗೆಯೂ ಮೊಂಡಾಗುತ್ತದೆ. ದೀಪಾವಳಿಯ ಬಳಿಕ ಹೊರಡುವ ಮೇಳಗಳು ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ. ಊರಿನಲ್ಲಿ ಆಟವಿದ್ದ ದಿನ ಮಕ್ಕಳನ್ನು ಕರೆದೊಯ್ದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿ. ತಿಳಿಯದ ಪದಕ್ಕೆ ತುಳುವಿನಲ್ಲೇ ಅರ್ಥ ಹೇಳಿ. ನಮ್ಮ ಹಿರಿಯರು ಕನ್ನಡ ಕಲಿತದ್ದು ಹಾಗೆಯೇ.