ಆರೈಕೆಯ ಕೈ ಮತ್ತು ಆರೈಕೆಯ ಬರಹ: ಕೇಶ್ವಾಪುರ ಪರಿಸರದ ಒಂದು ಅವಲೋಕನ

‘ಆರೈಕೆ’ ಎಂಬ ಶಬ್ದವನ್ನು ನಾವಿಂದು ಉಪಚಾರ, ಪೋಷಣೆ ಎಂಬ ಅರ್ಥದಲ್ಲಿ ಮಾತ್ರ ಬಳಸುತ್ತೇವೆ. ಅದರ ಮೂಲವಾದ ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ವಿಚಾರಿಸು, ಪರೀಕ್ಷಿಸಿ ನೋಡು ಎಂಬ ಅರ್ಥಗಳೂ ಸಲಹು ಎಂಬ ಅರ್ಥವೂ ಒಟ್ಟಿಗೇ ಇದ್ದವು. ಸಂಸ್ಕೃತದಿಂದ ಬಂದ ‘ಶುಶ್ರೂಷೆ’ಯಾದರೂ ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪ. ಕೇಳಬೇಕೆಂಬ ಬಯಕೆಯೇ ಅದರ ಮೊದಲ ಅರ್ಥ. ಆಧುನಿಕ ದಾದಿಯರ ಶಿಕ್ಷಣದಲ್ಲಿ ಆರೋಗ್ಯ ಪರಿಶೀಲನೆ ಮೊದಲು, ಆರೈಕೆಯ ಯೋಜನೆ ಆನಂತರ ಎಂದು ಎರಡು ಹಂತಗಳಾಗಿ ಕಲಿಸುವುದನ್ನು ಈ ಎರಡು ಶಬ್ದಗಳು ಒಂದೇ ಕ್ರಿಯೆಯಾಗಿ ಹಿಡಿದಿಟ್ಟಿವೆ. ಹುಟ್ಟಿನಿಂದ ಸಾವಿನವರೆಗೆ ದೇಹವನ್ನು ನೋಡುವ, ಮುಟ್ಟುವ, ಕೇಳುವ ವಿದ್ಯೆ ಜನಪದದಲ್ಲಿ ಹೇಗಿತ್ತು, ಆಸ್ಪತ್ರೆಯ ದಾದಿ ಬಂದ ಮೇಲೆ ಅದರಲ್ಲಿ ಆದ ಮುಖ್ಯ ಬದಲಾವಣೆ ಯಾವುದು ಎಂಬುದನ್ನು ಹುಬ್ಬಳ್ಳಿಯ ಕೇಶ್ವಾಪುರ ಪರಿಸರವನ್ನು ಇಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕೇಶ್ವಾಪುರವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1882ರಲ್ಲಿ ರೂಪುಗೊಂಡ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಲ್ಲಿ ನಿಲ್ದಾಣವನ್ನೂ ಕಾರ್ಯಾಗಾರವನ್ನೂ ಸ್ಥಾಪಿಸಿದ ಮೇಲೆ ಈ ಭಾಗ ರೈಲ್ವೆ ನೌಕರರ ನೆಲೆಯಾಗಿ ಬೆಳೆಯಿತು. ತಮಿಳು, ತೆಲುಗು, ಮರಾಠಿ ಮಾತನಾಡುವ ಕುಟುಂಬಗಳೂ ಆಂಗ್ಲೋ-ಇಂಡಿಯನ್ನರೂ ಇಲ್ಲಿ ಬಂದು ನೆಲೆಸಿದರು. ಗದಗ ರಸ್ತೆಯಲ್ಲಿ ರೈಲ್ವೆ ಆಸ್ಪತ್ರೆಯಿದೆ. 2003ರಲ್ಲಿ ನೈಋತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿದಾಗ ಅದರ ಕೇಂದ್ರ ಕಚೇರಿಯೂ ಹುಬ್ಬಳ್ಳಿಗೇ ಬಂತು. ಇನ್ನೊಂದು ದಿಕ್ಕಿಗೆ ಬೆಂಗೇರಿ, ಕುಸುಗಲ್ಲ ಎಂಬ ಒಕ್ಕಲು ಊರುಗಳು. ಹೀಗಾಗಿ ಸೂಲಗಿತ್ತಿಯ ಕೈಯೂ ದಾದಿಯ ಬರಹವೂ ಅಕ್ಕಪಕ್ಕದಲ್ಲೇ ದೀರ್ಘಕಾಲ ನಡೆದ ಸ್ಥಳವಿದು. ಒಂದೇ ಮನೆಯ ಮೊದಲ ಹೆರಿಗೆ ಮನೆಯಲ್ಲಿ, ಮೂರನೆಯದು ದವಾಖಾನೆಯಲ್ಲಿ ಆದ ಉದಾಹರಣೆಗಳು ಹಿರಿಯ ಹೆಂಗಸರ ಮಾತಿನಲ್ಲಿ ಸಾಮಾನ್ಯವಾಗಿ ಕೇಳಿಬರುತ್ತವೆ.

ಸೂಲಗಿತ್ತಿ ಎಂದರೆ ಹೆರಿಗೆಯ ಹೊತ್ತಿಗೆ ಮಾತ್ರ ಬರುವವಳೆಂಬ ಭಾವನೆ ನಮ್ಮ ಬರಹಗಳಲ್ಲಿ ಬೇರೂರಿದೆ. ವಾಸ್ತವದಲ್ಲಿ ಅವಳ ಕೆಲಸ ಕುಬಸದ ಹೊತ್ತಿಗಾಗಲೇ ಆರಂಭವಾಗುತ್ತಿತ್ತು. ಬಸುರಿಯ ಹೊಟ್ಟೆಯನ್ನು ಬೆರಳುಗಳಿಂದ ಅಳೆದು ತಿಂಗಳು ಎಣಿಸುವುದು, ಹೊಕ್ಕುಳನ್ನು ಗುರುತಾಗಿಟ್ಟುಕೊಂಡು ಗರ್ಭ ಎಷ್ಟು ಏರಿದೆಯೆಂದು ಹೇಳುವುದು, ಕೂಸಿನ ತಲೆ ಮೇಲಿದೆಯೋ ಕೆಳಗಿದೆಯೋ ಎಂದು ಅಂಗೈಯಿಂದ ತಿಳಿಯುವುದು, ಕಾಲು ಬಾತಿದ್ದರೆ ಹೆಬ್ಬೆರಳಿನಿಂದ ಒತ್ತಿ ಕುಳಿ ಉಳಿಯುತ್ತದೆಯೇ ಎಂದು ನೋಡುವುದು, ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿದೆಯೇ ಎಂದು ಬಿಡಿಸಿ ನೋಡುವುದು ಅವಳ ವಿದ್ಯೆಯ ಭಾಗಗಳು. ಇಂದಿಗೂ ದಾದಿಯರ ತರಬೇತಿಯಲ್ಲಿ ಗರ್ಭಿಣಿಯ ಪರೀಕ್ಷೆಯೆಂದು ಕಲಿಸುವ ಕ್ರಮಗಳಲ್ಲಿ ಇವೆಲ್ಲ ಇವೆ. ಆಯುರ್ವೇದ ಹೇಳುವ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಗೂ ಇದಕ್ಕೂ ದೂರವಿಲ್ಲ. ಚರಕಸಂಹಿತೆ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನು ಒಂದು ಪಾದವೆಂದೇ ಎಣಿಸಿ, ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ಅವನಿಗೆ ಹೇಳಿದೆ. ಸೂಲಗಿತ್ತಿಗೆ ಮೊದಲ ಮೂರು ಧಾರಾಳವಾಗಿದ್ದವು. ನಾಲ್ಕನೆಯದರ ವಿಷಯ ಮುಂದೆ ಬರುತ್ತದೆ.

ಕೂಸು ಭೂಮಿಗೆ ಬಿದ್ದ ಕ್ಷಣದಲ್ಲಿ ಅವಳು ಅಳುವನ್ನು ಕೇಳುತ್ತಿದ್ದಳು, ಮೈಬಣ್ಣ ನೋಡುತ್ತಿದ್ದಳು, ಕೈಕಾಲು ಆಡಿಸುತ್ತದೆಯೇ ಎಂದು ಗಮನಿಸುತ್ತಿದ್ದಳು. ಅಮೆರಿಕದ ವೈದ್ಯೆ ವರ್ಜೀನಿಯಾ ಆಪ್ಗಾರ್ 1953ರಲ್ಲಿ ಪ್ರಕಟಿಸಿದ, ಇಂದು ಎಲ್ಲ ಹೆರಿಗೆ ಕೋಣೆಗಳಲ್ಲಿ ಬಳಕೆಯಲ್ಲಿರುವ ಅಂಕಪಟ್ಟಿಯ ಐದು ಅಂಶಗಳಲ್ಲಿ ಉಸಿರು, ಬಣ್ಣ, ಸ್ನಾಯುಗಳ ಬಿಗಿ ಎಂಬ ಮೂರು ಇವೇ ಆಗಿವೆ. ಉಳಿದವು ಎದೆಬಡಿತ ಮತ್ತು ಪ್ರಚೋದನೆಗೆ ಪ್ರತಿಕ್ರಿಯೆ. ಕೂಸು ಅಳದಿದ್ದರೆ ಕಿವಿಯ ಬಳಿ ಹಿತ್ತಾಳೆಯ ತಾಟು ಬಡಿಯುವುದು, ಹುರಿ ಕತ್ತರಿಸದೆ ಮಾಸನ್ನು ಬೆಚ್ಚಗೆ ಮಾಡುವುದು ಅವಳ ಉಪಾಯಗಳಾಗಿದ್ದವು. ವ್ಯತ್ಯಾಸ ಇಷ್ಟೇ: ಆಪ್ಗಾರ್ ಪಟ್ಟಿ ಒಂದನೆಯ ನಿಮಿಷದಲ್ಲಿ ಒಮ್ಮೆ, ಐದನೆಯ ನಿಮಿಷದಲ್ಲಿ ಇನ್ನೊಮ್ಮೆ ಅಂಕ ಬರೆಯಲು ಹೇಳುತ್ತದೆ. ಎರಡನೆಯ ಸಲ ನೋಡಿ ಬರೆಯುವ ಈ ನಿಯಮವೇ ಈ ಪ್ರಬಂಧದ ಮುಖ್ಯ ವಿಷಯ.

ಬಾಣಂತನದ ಆರೈಕೆ ಯೋಜನೆಯ ದೃಷ್ಟಿಯಿಂದ ಬಹಳ ವಿವರವಾದುದು. ಯಾವ ದಿನ ಎಣ್ಣೆ-ನೀರು, ಯಾವ ದಿನದಿಂದ ಬಾಣಂತಿ ಖಾರ, ಎಂದಿನಿಂದ ಅಳವಿ ಪಾಯಸ ಮತ್ತು ಅಂಟಿನ ಉಂಡಿ, ಹೊರಸಿನ ಕೆಳಗೆ ಎಷ್ಟು ದಿನ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಎಷ್ಟು ದಿನ ಎಂಬುದೆಲ್ಲ ದಿನದ ಲೆಕ್ಕದಲ್ಲಿ ನಿಗದಿಯಾಗಿತ್ತು. ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ ಸೇರಿದ ಉಂಡಿ ರಕ್ತ ಕಳೆದುಕೊಂಡ ದೇಹಕ್ಕೆ ಬೇಕಾದ ಶಕ್ತಿಯನ್ನು ಕೊಡುತ್ತದೆ. ಮೈನೆರೆದ ಹುಡುಗಿಗೆ ಕೊಡುವ ಎಳ್ಳುಬೆಲ್ಲದ ಚಿಗಳಿಯೂ ಇದೇ ತರ್ಕದ್ದು. ಆದರೆ ಅದೇ ಮನೆಯಲ್ಲಿ ಎಮ್ಮೆಯ ಗಿಣ್ಣವನ್ನು ನೆರೆಮನೆಗೂ ಹಂಚಿ ತಿನ್ನುವವರು ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ಜನಪದ ಜ್ಞಾನವನ್ನು ಕೊಂಡಾಡುವ ನಮ್ಮಂಥವರು ಈ ಮಾತನ್ನು ಮರೆಮಾಚುವುದು ಸರಿಯಲ್ಲ. ಹುರಿಯನ್ನು ಕುಡಗೋಲಿನಿಂದ ಇಲ್ಲವೆ ಸಿಕ್ಕ ಬ್ಲೇಡಿನಿಂದ ಕತ್ತರಿಸಿ, ಗಾಯಕ್ಕೆ ಬೂದಿಯನ್ನೋ ಸೆಗಣಿಯನ್ನೋ ಹಚ್ಚುವ ರೂಢಿಯಿಂದ ಧನುರ್ವಾಯುವಿಗೆ ತುತ್ತಾದ ಕೂಸುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಶುದ್ಧ ಕೈ, ಶುದ್ಧ ನೆಲ, ಶುದ್ಧ ಬ್ಲೇಡು, ಶುದ್ಧ ದಾರ, ಹುರಿಗೆ ಏನನ್ನೂ ಹಚ್ಚದಿರುವುದು ಎಂಬ ಐದು ನಿಯಮಗಳೂ ತಾಯಂದಿರಿಗೆ ಲಸಿಕೆಯೂ ಬಂದ ಮೇಲೆ, 2015ರಲ್ಲಿ ಭಾರತ ತಾಯಿ-ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ದೃಢಪಟ್ಟಿತು.

ಈ ಸಾವುಗಳಿಗೆ ಜನಪದರು ಕೊಟ್ಟ ವಿವರಣೆ ಬೇರೆ. ಹೆರಿಗೆಯ ಐದನೆಯ ರಾತ್ರಿ ಸಟವಿ ಬಂದು ಕೂಸಿನ ಹಣೆಯಲ್ಲಿ ಆಯುಷ್ಯ ಬರೆಯುತ್ತಾಳೆಂಬುದು ಉತ್ತರ ಕರ್ನಾಟಕದ ದೃಢವಾದ ನಂಬಿಕೆ. ಅಂದು ದೀಪ ಆರದಂತೆ ನೋಡಿಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಬರೆಯದ ಹಾಳೆಯನ್ನೂ ಲೇಖಣಿಯನ್ನೂ ಪೂಜೆಗೆ ಇಡುವುದುಂಟು. ನವಜಾತ ಶಿಶುವಿನ ಧನುರ್ವಾಯು ಹುಟ್ಟಿದ ಮೂರನೆಯ ದಿನದಿಂದ ಸುಮಾರು ಎರಡು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆಂಬುದನ್ನು ನೆನೆದರೆ, ಐದನೆಯ ರಾತ್ರಿಯ ಭಯಕ್ಕೆ ಅನುಭವದ ಆಧಾರವಿತ್ತೆಂದು ಊಹಿಸಬಹುದು. ಅಪಾಯದ ದಿನಗಳನ್ನು ಜನಪದರು ಸರಿಯಾಗಿಯೇ ಗುರುತಿಸಿದ್ದರು. ಕಾರಣವನ್ನು ಹಣೆಬರಹದಲ್ಲಿ ಇಟ್ಟರು. ಸಟವಿ ಬರೆದದ್ದನ್ನು ಓದುವವರಿಲ್ಲ, ತಿದ್ದುವವರೂ ಇಲ್ಲ. ಆದ್ದರಿಂದ ಕೂಸು ತೀರಿಕೊಂಡಾಗ ಕುಡಗೋಲನ್ನು ಯಾರೂ ಅನುಮಾನಿಸಲಿಲ್ಲ.

ಶಿಶುವಿನ ಕಾಯಿಲೆಗಳಲ್ಲಿ ಇದೇ ಸಂಗತಿ ಇನ್ನೂ ಸ್ಪಷ್ಟವಾಗಿದೆ. ಭೇದಿಯಾದ ಕೂಸಿಗೆ ನೆತ್ತಿ ಕುಸಿದಿದೆಯೆಂದು ಅಜ್ಜಿ ಹೇಳಿದರೆ ಅದು ನೂರಕ್ಕೆ ನೂರು ಸರಿಯಾದ ಪರಿಶೀಲನೆ. ದೇಹದ ನೀರು ಬತ್ತಿದಾಗ ಇನ್ನೂ ಕೂಡದ ನೆತ್ತಿಯ ಭಾಗ ಒಳಸರಿಯುತ್ತದೆಂದು ದಾದಿಯ ಪಠ್ಯಪುಸ್ತಕವೂ ಹೇಳುತ್ತದೆ. ಅಜ್ಜಿಯ ಉಪಾಯ ನೆತ್ತಿಗೆ ಎಣ್ಣೆ ತಟ್ಟುವುದು. ದಾದಿಯ ಉಪಾಯ ಉಪ್ಪು-ಸಕ್ಕರೆಯ ನೀರು ಕುಡಿಸುವುದು. ಕೆಮ್ಮು-ಜ್ವರದ ಕೂಸಿಗೆ ಪಕ್ಕೆ ಎಳೆಯುತ್ತಿದೆಯೆಂದು ಗುರುತಿಸುವುದೂ ಸರಿಯಾದದ್ದೇ. ನ್ಯುಮೋನಿಯಾದ ಗಂಭೀರ ಲಕ್ಷಣವದು. ಅದಕ್ಕೆ ಹೊಟ್ಟೆಯ ಮೇಲೆ ಬರೆ ಹಾಕುವುದು ಮಾತ್ರ ಕ್ರೂರವೂ ಅಪಾಯಕರವೂ ಆದ ಕ್ರಮ. ನೋಟ ಸರಿ, ಯೋಜನೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ. ಅಜ್ಜಿಯ ಕಣ್ಣಿಗೆ ತಿಳಿದದ್ದನ್ನೇ ಇಲ್ಲಿ ಎಣಿಕೆಗೆ ತಂದಿದ್ದಾರೆ. ಎಣಿಸಿದ್ದನ್ನು ಬರೆಯಬಹುದು, ಬರೆದದ್ದನ್ನು ಮರುದಿನದ ಎಣಿಕೆಯೊಂದಿಗೆ ಹೋಲಿಸಬಹುದು.

ದೇಹವನ್ನು ಪರೀಕ್ಷಿಸಿ ಬರೆದಿಡುವ ಕ್ರಮ ಹುಬ್ಬಳ್ಳಿಯ ಜನರ ಅನುಭವಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಆರೈಕೆಯ ರೂಪದಲ್ಲಿ ಅಲ್ಲ, ಭಯದ ರೂಪದಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ತೀವ್ರವಾಗಿ ಕಾಡಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಅಧಿಕಾರಿಗಳು ರೈಲು ಪ್ರಯಾಣಿಕರನ್ನು ಇಳಿಸಿ ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆಯಿದೆಯೇ ಎಂದು ನೋಡುವ ಪದ್ಧತಿ ಮುಂಬಯಿ ಪ್ರಾಂತದಲ್ಲಿ ಜಾರಿಗೆ ಬಂತು. ಸೂಲಗಿತ್ತಿಯ ಹೊರತು ಬೇರೆಯವರು ಮುಟ್ಟದ ಹೆಣ್ಣಿನ ಮೈಯನ್ನು ಸರಕಾರ ಮುಟ್ಟಲು ಹೊರಟಾಗ ಎದ್ದ ಪ್ರತಿರೋಧದ ಫಲವಾಗಿಯೇ ಪ್ಲೇಗು ಕೆಲಸಕ್ಕೆ ವೈದ್ಯೆಯರನ್ನೂ ದಾದಿಯರನ್ನೂ ನೇಮಿಸಿಕೊಳ್ಳಬೇಕಾಯಿತು. ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೈಮೇಲೆಯೇ ಪ್ರಯೋಗಿಸಿಕೊಂಡಿದ್ದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಲಾಯಿತು; ಅಧಿಕಾರಿ ಲ್ಯೂಮನ್ ಸಿದ್ಧಪಡಿಸಿದ ಅಂಕಿ-ಅಂಶಗಳು ಆ ಕಾಲದ ಲಸಿಕೆಯ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖಗೊಂಡವು. ಲಸಿಕೆ ಹಾಕಿಸಿಕೊಂಡವರಿಗೆ ಪ್ರಮಾಣಪತ್ರ ಕೊಡುವ ಕ್ರಮವಿತ್ತು. ಹಣೆಯ ಮೇಲಿನ ಬರಹವಲ್ಲದೆ, ಕೈಯಲ್ಲಿ ಹಿಡಿದು ತೋರಿಸಬಹುದಾದ ದೇಹದ ಬರಹವೊಂದು ಸಾಮಾನ್ಯರಿಗೆ ಸಿಕ್ಕಿದ್ದು ಹೀಗೆ.

ದಾದಿಯರ ವೃತ್ತಿ ಈ ಭಾಗದಲ್ಲಿ ಬೇರೂರಿದ ಕಥೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳಿದರೆ ಸಾಕು. 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆ ಮಾಡಿದ ಬಾಸೆಲ್ ಮಿಷನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ನಡೆಸಿತು. 1903ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಸ್ಮಾರಕ ನಿಧಿ ಸೂಲಗಿತ್ತಿಯರಿಗೇ ತರಬೇತಿ ಕೊಡುವ ಉದ್ದೇಶದ್ದು. 1935ರ ಮುಂಬಯಿ ಕಾಯ್ದೆ ದಾದಿಯರ, ಪ್ರಸೂತಿಕೆಯರ ನೋಂದಣಿಯನ್ನು ತಂದಿತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ ಇಲ್ಲಿಗೂ ಅದೇ ಕಾಯ್ದೆ. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯಾಯಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾಯಿತು. ನೋಂದಣಿಯ ಪುಸ್ತಕದಲ್ಲಿ ಹೆಸರಿಲ್ಲದ ಸೂಲಗಿತ್ತಿ ಕಾನೂನಿನ ಹೊರಗೇ ಉಳಿದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತದ್ದು ಅಪವಾದವೆಂದೇ ಹೇಳಬೇಕು. ಜೋಳ, ಕುಬಸದ ಖಣ, ಒಂದು ಸೀರೆ ಪಡೆದು ಮೈಲಿಗೆಯನ್ನು ತೊಳೆಯುತ್ತಿದ್ದ ಬಹುಪಾಲು ಸೂಲಗಿತ್ತಿಯರು ಕೆಳಗಿನವೆಂದು ಎಣಿಸಲಾದ ಜಾತಿಗಳವರು. ದಾದಿಯ ಕೆಲಸಕ್ಕೂ ಇದೇ ಮೈಲಿಗೆಯ ಕಳಂಕ ಅಂಟಿಕೊಂಡಿತ್ತು. ದೇಶದಲ್ಲಿ ಮೊದಲು ಆಂಗ್ಲೋ-ಇಂಡಿಯನ್ ಮತ್ತು ದೇಶೀ ಕ್ರೈಸ್ತ ಹೆಣ್ಣುಮಕ್ಕಳು, ಅನಂತರ ಕೇರಳದವರು ಹೆಚ್ಚಾಗಿ ಈ ವೃತ್ತಿಗೆ ಬಂದುದರ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ದಾದಿ ತಂದ ಹೊಸತು ಯಾವುದು? ಕನಿಕರವಲ್ಲ, ಅದು ಮೊದಲೇ ಇತ್ತು. ನೋಟವೂ ಬಹುಮಟ್ಟಿಗೆ ಇತ್ತು. ಹಾಸಿಗೆಯ ತುದಿಗೆ ತೂಗುಹಾಕಿದ ಪಟ್ಟಿಯೇ ಹೊಸತು. ಹಗಲು ಪಾಳಿಯವಳು ಬರೆದ ಜ್ವರ, ನಾಡಿ, ಕುಡಿದ ನೀರು, ಹೋದ ಮೂತ್ರಗಳ ಲೆಕ್ಕವನ್ನು ರಾತ್ರಿ ಪಾಳಿಯವಳು ಓದುತ್ತಾಳೆ. ಒಬ್ಬಳ ಅರಿವು ಅಪರಿಚಿತಳಾದ ಇನ್ನೊಬ್ಬಳ ಕೈಗೆ ದಾಟುತ್ತದೆ. ಅಮೆರಿಕದಲ್ಲಿ 1961ರಲ್ಲಿ ಐಡಾ ಜೀನ್ ಓರ್ಲಾಂಡೊ ಆರಂಭಿಸಿದ, 1967ರಲ್ಲಿ ಯೂರಾ ಮತ್ತು ವಾಲ್ಶ್ ನಾಲ್ಕು ಹಂತಗಳಾಗಿ ವಿಂಗಡಿಸಿದ ಶುಶ್ರೂಷಾ ಪ್ರಕ್ರಿಯೆಯಲ್ಲಿ ಪರಿಶೀಲನೆ, ಯೋಜನೆ, ಕಾರ್ಯಗಳಾದ ಮೇಲೆ ಮೌಲ್ಯಮಾಪನವೆಂಬ ಕೊನೆಯ ಹಂತವಿದೆ. ಮಾಡಿದ ಉಪಚಾರ ಫಲಿಸಿತೇ ಎಂದು ನೋಡಿ, ಫಲಿಸದಿದ್ದರೆ ಯೋಜನೆಯನ್ನೇ ಬದಲಿಸುವುದು ಅದರ ಸಾರ. ಜನಪದ ಆರೈಕೆಯಲ್ಲಿ ಮೊದಲ ಮೂರೂ ಇದ್ದವು. ನಾಲ್ಕನೆಯದರ ಜಾಗದಲ್ಲಿ ಸಟವಿ ಕುಳಿತಿದ್ದಳು.

ಹಾಗೆಂದು ಕಳೆದುದೇನೂ ಇಲ್ಲವೆನ್ನಲಾಗದು. ಸೂಲಗಿತ್ತಿಗೆ ತಾನು ಹೆರಿಗೆ ಮಾಡಿಸಿದ ಹುಡುಗಿಯ ಹೆರಿಗೆಯನ್ನೂ ಮಾಡಿಸುವ ಅವಕಾಶವಿತ್ತು. ತಾಯಿಗೆ ರಕ್ತ ಹೆಚ್ಚು ಹೋಗಿತ್ತು, ಮಗಳನ್ನು ಜೋಪಾನ ಮಾಡಬೇಕು ಎಂಬ ನೆನಪು ಅವಳಲ್ಲಿ ಎರಡು ತಲೆಮಾರು ಉಳಿಯುತ್ತಿತ್ತು. ಆಸ್ಪತ್ರೆಯ ಪಟ್ಟಿ ರೋಗಿ ಮನೆಗೆ ಹೋದ ದಿನವೇ ಕಪಾಟು ಸೇರುತ್ತದೆ. ಅಂಗನವಾಡಿಯ ತೂಕದ ನಕ್ಷೆ, ತಾಯಿ ಕಾರ್ಡು, 2005ರ ನಂತರ ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯ ಡೈರಿ ಇವೆಲ್ಲ ಆ ಕಳೆದ ನೆನಪನ್ನು ಕಾಗದದಲ್ಲಿ ಮರಳಿ ಕಟ್ಟುವ ಪ್ರಯತ್ನಗಳಾಗಿ ನನಗೆ ಕಾಣುತ್ತವೆ.

ಇಷ್ಟೆಲ್ಲ ಸಾಮಗ್ರಿ ದೊರೆಯುವುದು ಬದುಕಿನ ಮೊದಲ ಅರ್ಧಕ್ಕೆ ಮಾತ್ರ. ಬಸುರಿಯ ಬಯಕೆ, ಬಾಣಂತಿ ಖಾರ, ಜೋಗುಳ, ಕುಲಾವಿ, ಕೌದಿ, ಮೈನೆರೆದ ಹುಡುಗಿಯ ಆರತಿ ನಮ್ಮ ಸಂಕಲನಗಳಲ್ಲಿ ತುಂಬಿವೆ. ಸಾವಿನ ಅಂಚಿನ ವಿಧಿಯನ್ನೂ ಬರೆದಿಟ್ಟಿದ್ದೇವೆ. ಮರಣಶಯ್ಯೆಯಲ್ಲಿರುವ ಲಿಂಗಾಯತರಿಗೆ ಮಾಡುವ ವಿಭೂತಿ ವೀಳ್ಯವನ್ನು ಎಂಥೋವನ್ ತನ್ನ ಮುಂಬಯಿ ಪ್ರಾಂತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ. ನಡುವಿನ ಮುಪ್ಪು ಮಾತ್ರ ಬರಿದಾಗಿದೆ. ಹಾಸಿಗೆ ಹಿಡಿದ ಮುದುಕರನ್ನು ವರ್ಷಗಟ್ಟಲೆ ನೋಡಿಕೊಂಡವರು ಸೂಲಗಿತ್ತಿಯರಲ್ಲ, ಮನೆಯ ಸೊಸೆಯರು. ಆ ಕೆಲಸಕ್ಕೆ ಹೆಸರಿಲ್ಲ, ಖಣವಿಲ್ಲ, ಹಾಡಿಲ್ಲ. ದಾದಿಯರ ಶಾಸ್ತ್ರವೂ ಇಲ್ಲಿಗೆ ತಡವಾಗಿಯೇ ಬಂತು: ಹಾಸಿಗೆಹುಣ್ಣಿನ ಅಪಾಯವನ್ನು ಅಳೆಯುವ ನಾರ್ಟನ್ ಮಾಪಕ 1962ರದು, ಬ್ರೇಡನ್ ಮಾಪಕ 1987ರದು, ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ನಮ್ಮಲ್ಲಿ ಆರಂಭವಾದದ್ದು 2010-11ರಲ್ಲಿ.

ನನ್ನ ಹಿಂದಿನ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿಯೂ ಮುಪ್ಪಿನ ಆರೈಕೆಗೆ ಒಂದು ಪ್ರಶ್ನೆಯೂ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮಗ್ಗುಲನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಿದ್ದರು, ಬೆನ್ನಿನ ಚರ್ಮ ಕೆಂಪಾದದ್ದನ್ನು ಮೊದಲು ಯಾರು ನೋಡುತ್ತಿದ್ದರು, ನುಂಗಲಾರದವರಿಗೆ ಗಂಜಿಯನ್ನು ಎಷ್ಟು ತೆಳ್ಳಗೆ ಮಾಡುತ್ತಿದ್ದರು, ಮಾತು ತಪ್ಪಿದವರ ನೋವನ್ನು ಯಾವ ಗುರುತಿನಿಂದ ತಿಳಿಯುತ್ತಿದ್ದರು ಎಂಬುದನ್ನು ಕೇಶ್ವಾಪುರದ ರೈಲ್ವೆ ವಸತಿಗಳಲ್ಲಿಯೂ ಬೆಂಗೇರಿ, ಕುಸುಗಲ್ಲಗಳ ಮನೆಗಳಲ್ಲಿಯೂ ಹೇಳಬಲ್ಲ ಹೆಂಗಸರು ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ.